ಬ್ರೆಜಿಲಿನ ಮೇಜು, ಬಳ್ಳಾರಿಯ ತಟ್ಟೆ

ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ ‘ಕೊಲಂಬೊ’ ಎಂಬ ಹೆಸರಾಂತ ಉಪಾಹಾರ ಗೃಹವಿದೆ. ಪೋರ್ಚುಗಲ್ಲಿನಿಂದ ವಲಸೆ ಬಂದವರು 1894ರಲ್ಲಿ ಅದನ್ನು ತೆರೆದರು. ಬೆಲ್ಜಿಯಮ್ಮಿನಿಂದ ತರಿಸಿದ ದೊಡ್ಡ ಕನ್ನಡಿಗಳು ಅದರ ಗೋಡೆಗಳನ್ನು ಇಂದಿಗೂ ಬೆಳಗುತ್ತಿವೆ. ಅಂಥ ಬೆಡಗಿನ ಮನೆಗೂ ಬಳ್ಳಾರಿಯಲ್ಲಿ ನೀವು ಬೆಳಿಗ್ಗೆ ತಿನ್ನುವ ವಗ್ಗಾಣಿ-ಮಿರ್ಚಿಗೂ ಎಲ್ಲಿಯ ನಂಟು ಎನ್ನುವಿರಾ? ನಂಟು ಇದೆ.

1500ರ ಏಪ್ರಿಲಿನಲ್ಲಿ ಕಬ್ರಾಲ್ ಎಂಬ ಪೋರ್ಚುಗೀಸನ ಹಡಗುಗಳು ಬ್ರೆಜಿಲಿನ ದಡ ಮುಟ್ಟಿದುವು. ಅದೇ ಯಾನವನ್ನು ಮುಂದುವರಿಸಿ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಗೆ ಬಂದುವು. ಪೋರ್ಚುಗೀಸರು ಹಾಕಿದ ಈ ಕಡಲ ಹಾದಿಯಲ್ಲಿ ಮುಂದೆ ಅಮೆರಿಕ ಖಂಡದ ಮೆಣಸಿನಕಾಯಿ, ಗೋಡಂಬಿ, ಮರಗೆಣಸು ಇತ್ತ ಬಂದುವು. ನಮ್ಮ ಮಾವು, ಹಲಸು ಅತ್ತ ಹೋದುವು. ಬ್ರೆಜಿಲಿನವರು ಹಲಸಿಗೆ ‘ಜಾಕ’ ಎನ್ನುತ್ತಾರೆ. ಅದು ಮಲೆಯಾಳದ ‘ಚಕ್ಕ’ವೇ.

ಸುಮಾರು 1520ರಲ್ಲಿ ಹಂಪೆಯ ಪೇಟೆಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅಕ್ಕಿ, ಕಾಳು, ನಿಂಬೆ, ದ್ರಾಕ್ಷಿ, ದಾಳಿಂಬೆಗಳನ್ನು ಹೆಸರಿಸಿದ್ದಾನೆ, ಮೆಣಸಿನಕಾಯಿಯನ್ನಲ್ಲ. ಆಗ ಖಾರವೆಂದರೆ ಕರಿಮೆಣಸು, ಹಿಪ್ಪಲಿ. ಹೊಸ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು. ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿ ಬಿಟ್ಟು ಕರಿಮೆಣಸು ಹಾಕುವ ಮನೆಗಳು ಇಂದೂ ಇವೆ. ಹಳೆಯ ಅಡಿಗೆಯ ನೆನಪು ಅಲ್ಲಿ ಉಳಿದಿದೆ.

ಇನ್ನು ರಿಯೋದ ಊಟವನ್ನು ನೋಡಿ. ಅಲ್ಲಿ ಶನಿವಾರದ ಮಧ್ಯಾಹ್ನವೆಂದರೆ ‘ಫೆಯ್ಜೊವಾದ’. ಕಪ್ಪು ಅವರೆಯಂಥ ಕಾಳನ್ನು ಹಂದಿಮಾಂಸದೊಡನೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸುತ್ತಾರೆ. ಪಕ್ಕದಲ್ಲಿ ಅನ್ನ, ಕಿತ್ತಳೆಯ ಹೋಳು, ಬೆಣ್ಣೆಯಲ್ಲಿ ಹುರಿದ ಮರಗೆಣಸಿನ ಹಿಟ್ಟು. ಮಾಂಸ ತಿನ್ನದವರು ಮುಖ ತಿರುಗಿಸಬಹುದು. ಆದರೆ ನಮ್ಮ ಅಂಗಡಿಗಳ ಸಬ್ಬಕ್ಕಿಯೂ ಅದೇ ಮರಗೆಣಸಿನ ಪಿಷ್ಟದಿಂದಾದದ್ದು! ಉಪವಾಸದ ದಿನ ಅದನ್ನು ಫಲಾಹಾರವೆಂದು ತಿನ್ನುವವರು ಎಷ್ಟು ಮಂದಿಯಿಲ್ಲ!

ಇದು ರುಚಿಯ ಮಾತಷ್ಟೇ ಅಲ್ಲ. ತುಂಗಭದ್ರೆಯ ಕಾಲುವೆ ಹರಿಯುವ ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಎಷ್ಟೋ ರೈತರು ಮೆಣಸಿನಕಾಯಿಯನ್ನೇ ನಂಬಿದ್ದಾರೆ. ಕಾಲುವೆಗೆ ನೀರು ತಪ್ಪಿದರೆ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಧಾರಣೆ ಕುಸಿದರೆ, ಮಗಳ ಮದುವೆ ಮುಂದಕ್ಕೆ ಹೋಗುತ್ತದೆ, ಸಾಲ ನಿಲ್ಲುತ್ತದೆ. ಕಡಲು ದಾಟಿ ಬಂದ ಬೀಜ ಇಲ್ಲಿಯ ಮನೆತನಗಳ ಹಣೆಬರಹವಾಗಿದೆ.

ನಾಳೆ ಮಿರ್ಚಿಯನ್ನು ಬಾಯಿಗಿಡುವಾಗ ಇದಿಷ್ಟು ನೆನಪಿರಲಿ. ಪರದೇಶದ ಊಟ ಹೇಗಿರುತ್ತದೆಂದು ಯಾರಾದರೂ ಕೇಳಿದರೆ, ಅವರಿಗೂ ಒಂದು ಮಿರ್ಚಿ ಕೊಡಿ.