ಪಾದಪಗಳ ಜಲಗತಿಯೂ ಕಾಂತಾನುರಣನ ಪದ್ಧತಿಯೂ

ವೃಕ್ಷಕ್ಕೆ ಪಾದಪವೆಂಬ ಹೆಸರು ವಿದ್ವಾಂಸರಿಗೆ ಸುವಿದಿತವಾದುದು. ಪಾದದಿಂದ, ಎಂದರೆ ಬೇರಿನಿಂದ, ಕುಡಿಯುವುದಾದ್ದರಿಂದ ಅದು ಪಾದಪವು. ಕುಡಿದ ನೀರು ಮೇಲಕ್ಕೇರುವ ಬಗೆ ಯಾವುದೆಂಬುದನ್ನು ಈ ನಿರ್ವಚನವು ತಿಳಿಸದು. ಮಹಾಭಾರತದ ಶಾಂತಿಪರ್ವದ ಭೃಗು-ಭರದ್ವಾಜ ಸಂವಾದದಲ್ಲಿ ಇದಕ್ಕೆ ವಾಯುವಿನ ಸಹಾಯವು ಹೇಳಲ್ಪಟ್ಟಿದೆ. ಈಚಿನ ಶಾಸ್ತ್ರಜ್ಞರು ಇದೇ ವಿಷಯವನ್ನು ಹೇಗೆ ಪರೀಕ್ಷಿಸುತ್ತಿರುವರೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

ಇಂಗ್ಲೆಂಡಿನ ಸ್ಟೀಫನ್ ಹೇಲ್ಸನು 1727ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗಿಡವು ಹೀರುವ ಮತ್ತು ಎಲೆಗಳಿಂದ ಆವಿಯಾಗಿ ಬಿಡುವ ನೀರನ್ನು ಅಳೆದು ತೋರಿಸಿದನು. 1894ರಲ್ಲಿ ಡಿಕ್ಸನ್, ಜೋಲಿ ಎಂಬಿಬ್ಬರು, ಎಲೆಯಲ್ಲಿ ನೀರು ಆವಿಯಾದಂತೆ ಕೆಳಗಿನ ನೀರು ಹಗ್ಗದಂತೆ ಸೆಳೆಯಲ್ಪಡುವುದೆಂಬ ವಾದವನ್ನು ಮುಂದಿಟ್ಟರು. ನಾಳಗಳಲ್ಲಿ ನೀರು ಹೀಗೆ ಬಿಗಿದು ನಿಂತಿರುವುದಾದರೆ, ಕಾಂಡವನ್ನು ಕತ್ತರಿಸಿದೊಡನೆ ಗಾಳಿಯು ಒಳನುಗ್ಗುವುದು. ನೋಡಲೆಂದು ಕೊಯ್ದರೆ ನೋಡಬೇಕಾದುದೇ ಕೆಡುವುದು, ಕೊಯ್ಯದಿದ್ದರೆ ಕಾಣದು. ಈ ಉಭಯಸಂಕಟಕ್ಕೆ ಪರಿಹಾರವಾಗಿ ಒದಗಿದುದೇ ಕಾಂತಾನುರಣನ ಪದ್ಧತಿ.

ಅದೆಂತೆಂದರೆ: ನೀರಿನಲ್ಲಿರುವ ಜಲಜನಕದ ಪರಮಾಣುಗರ್ಭವು ಒಂದು ಕಿರಿಯ ಅಯಸ್ಕಾಂತದಂತೆ ವರ್ತಿಸುವುದು. ಬಲವಾದ ಕಾಂತಕ್ಷೇತ್ರದಲ್ಲಿ ಅದಕ್ಕೆ ನಿಯತವಾದ ಒಂದು ಶ್ರುತಿಯುಂಟು. 1 ಟೆಸ್ಲಾ ಬಲದಲ್ಲಿ ಅದು ಕ್ಷಣಕ್ಕೆ, ಎಂದರೆ ಸೆಕೆಂಡಿಗೆ, ಸುಮಾರು 4 ಕೋಟಿ 26 ಲಕ್ಷ ಆವರ್ತಗಳು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದು ತಾನಾಗಿ ಮಿಡಿಯುವಂತೆ, ಅದೇ ಆವರ್ತದ ರೇಡಿಯೋ ತರಂಗಕ್ಕೆ ಈ ಗರ್ಭಗಳು ಮರುದನಿ ಕೊಡುವುವು. ಬ್ಲಾಕ್ ಮತ್ತು ಪರ್ಸೆಲ್ ಇದನ್ನು 1946ರಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದರು. ಕ್ಷೇತ್ರದ ಬಲವನ್ನು ಸ್ಥಳದಿಂದ ಸ್ಥಳಕ್ಕೆ ಕ್ರಮವಾಗಿ ಹೆಚ್ಚಿಸಿದರೆ ಶ್ರುತಿಯಿಂದಲೇ ಸ್ಥಾನವನ್ನು ತಿಳಿಯಬಹುದೆಂದು ಲೌಟರ್ಬರ್ 1973ರಲ್ಲಿ ತೋರಿಸಿ, ಚಿತ್ರವನ್ನೇ ಪಡೆದನು.

ಚಲನೆಯನ್ನು ತಿಳಿಯುವ ಉಪಾಯವನ್ನು 1965ರಲ್ಲಿ ಸ್ಟೆಸ್ಕಲ್, ಟ್ಯಾನರ್ ಎಂಬವರು ಪರಿಷ್ಕರಿಸಿದ್ದರು. ಸ್ಥಾನಾನುಸಾರಿಯಾದ ಒಂದು ಗುರುತನ್ನು ಮೊದಲು ಹಾಕಿ, ಸ್ವಲ್ಪ ಕಾಲಾನಂತರ ವಿಪರೀತಕ್ರಮದಿಂದ ಅದನ್ನು ಅಳಿಸುವುದು. ನಿಂತ ನೀರಿನಲ್ಲಿ ಗುರುತು ಪೂರ್ತಿ ಅಳಿಯುವುದು. ಸರಿದುದರಲ್ಲಿ, ಸರಿದಷ್ಟು ಶೇಷವುಳಿಯುವುದು. ಆ ಶೇಷದಿಂದ ವೇಗವನ್ನೂ ದಿಕ್ಕನ್ನೂ ಗಣಿಸುವರು.

ಇದರ ಫಲವೇನು? 2001ರಲ್ಲಿ ಹಾಲ್‌ಬ್ರೂಕ್ ಮೊದಲಾದವರು ಜೀವಂತವಾದ ದ್ರಾಕ್ಷಿಯ ಗಿಡವೊಂದನ್ನು ಸುಮಾರು 40 ಗಂಟೆಗಳ ಕಾಲ ಹೀಗೆ ನೋಡಿದರು. ಮೊದಲ ಭಾಗದಲ್ಲಿ ಸುಮಾರು 10 ನಾಳಗಳು ನೀರು ತಪ್ಪಿ ಬರಿದಾದುವು; ನೀರೆರೆದು ದೀಪವಾರಿಸಿದ ಬಳಿಕ ಬರಿದಾದ ನಾಳಗಳು ಮತ್ತೆ ತುಂಬತೊಡಗಿದುವು. 2006ರಲ್ಲಿ ನೆದರ್‌ಲೆಂಡ್ಸಿನ ವಾಗೆನಿಂಗೆನ್ನಿನ ಸಂಶೋಧಕರು ಪಾಪ್ಲರ್, ಹರಳು, ಟೊಮೇಟೊ, ಹೊಗೆಸೊಪ್ಪು ಎಂಬ ನಾಲ್ಕು ಗಿಡಗಳನ್ನು ಪರೀಕ್ಷಿಸಿದರು. ಎಲೆಯಿಂದ ಸಕ್ಕರೆಯನ್ನೊಯ್ಯುವ ಫ್ಲೋಯಂ ನಾಳಗಳ ವೇಗವು ನಾಲ್ಕರಲ್ಲಿಯೂ ಸೆಕೆಂಡಿಗೆ 0.25ರಿಂದ 0.40 ಮಿಲಿಮೀಟರಿನೊಳಗೇ ಇದ್ದಿತು. ಬೇರಿನಿಂದ ನೀರನ್ನು ತರುವ ಕ್ಸೈಲಂ ನಾಳಗಳಲ್ಲಿಯಾದರೋ ಭೇದವು ಹೆಚ್ಚಾಗಿದ್ದಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಈ ಚಿತ್ರವು ಪ್ರತ್ಯಕ್ಷದಂತೆ ತೋರಿದರೂ ವಸ್ತುತಃ ಅನುಮಾನವೇ. ಮರುದನಿಯೆಂಬುದು ಲಿಂಗ, ನೀರಿನ ಗತಿಯು ಸಾಧ್ಯ. ಚಿತ್ರದ ಒಂದು ಚುಕ್ಕೆಯು ಅನೇಕವೇಳೆ ನಾಳಕ್ಕಿಂತ ದೊಡ್ಡದಾಗಿರುವುದರಿಂದ, ಹರಿವ ನೀರೂ ನಿಂತ ನೀರೂ ಅದರಲ್ಲಿ ಬೆರೆತಿರುವುವು. ಗಣಿತದಿಂದ ಅವನ್ನು ಬೇರ್ಪಡಿಸಬೇಕು. ದ್ರಾಕ್ಷಿಯ ನಾಳಗಳು ತುಂಬಿದುದು ನೀರೆರೆದ ಮೇಲೆ, ಕತ್ತಲೆಯಲ್ಲಿ. ಹಗಲಿನ ಸೆಳೆತವಿರುವಾಗಲೂ ಅವು ತುಂಬುವುವೆಂದು ಅಷ್ಟರಿಂದಲೇ ಸಿದ್ಧವಾಗದು. ಹೇತುವು ಎಷ್ಟನ್ನು ಸಾಧಿಸುವುದೋ ಅಷ್ಟನ್ನೇ ಒಪ್ಪುವುದು ಶಾಸ್ತ್ರಮರ್ಯಾದೆ. ಆದರೂ ಪಾದಪವನ್ನು ಕೊಲ್ಲದೆಯೇ ಅದರ ಪಾನವನ್ನು ಅಳೆಯುವ ಮಾರ್ಗವು ತೆರೆದಿರುವುದು ಸಾಮಾನ್ಯವಾದ ಲಾಭವಲ್ಲ.