ಕಣ್ಣು ಕುಣಿದರೂ ಲೋಕ ಕುಣಿಯದೇಕೆ?

ಕನ್ನಡಿಯ ಮುಂದೆ ನಿಂತು, ತಲೆ ಅಲುಗಿಸದೆ, ಮೊದಲು ನಿಮ್ಮ ಎಡಗಣ್ಣನ್ನೂ ಬಳಿಕ ಬಲಗಣ್ಣನ್ನೂ ನೋಡಿಕೊಳ್ಳಿ. ನಾಲ್ಕಾರು ಬಾರಿ ಹೀಗೆ ಮಾಡಿ. ನಿಮ್ಮ ಕಣ್ಣು ಚಲಿಸಿದ್ದು ನಿಮಗೆ ಕಾಣುವುದೇ ಇಲ್ಲ! ಪಕ್ಕದಲ್ಲಿ ಮಗನನ್ನೋ ಮಗಳನ್ನೋ ನಿಲ್ಲಿಸಿಕೊಂಡು ಕೇಳಿ. ಕಣ್ಣಾಲಿಗಳು ಅತ್ತಿಂದಿತ್ತ ಹಾರಿದ್ದು ಅವರಿಗೆ ಚೆನ್ನಾಗಿಯೇ ಕಂಡಿರುತ್ತದೆ. ಎರ್ಡ್‌ಮನ್ ಮತ್ತು ಡಾಜ್ ಎಂಬ ಸಂಶೋಧಕರು ಈ ಸೋಜಿಗವನ್ನು 1898ರಲ್ಲೇ ಬರೆದಿಟ್ಟಿದ್ದಾರೆ. ಕಾರ್ಯಕ್ರಮದಲ್ಲಿ ಇದನ್ನು ನಿಮಗೆ ತೋರಿಸುವ ಉಪಾಯ ನಮ್ಮಲ್ಲಿಲ್ಲ. ನಮ್ಮ ಕ್ಯಾಮೆರಾ ಪಕ್ಕದಲ್ಲಿ ನಿಂತ ಮಗನಿದ್ದಂತೆ, ಅದಕ್ಕೆ ಎಲ್ಲವೂ ಕಾಣುತ್ತದೆ. ಅದಕ್ಕೇ ಈ ಪುಟದ ಮೊರೆ ಹೊಕ್ಕಿದ್ದೇನೆ.

ಕಣ್ಣು ಹೀಗೆ ಹಾರುವುದೇಕೆ? ಅಕ್ಷಿಪಟಲದ ನಟ್ಟನಡುವಿನ ಒಂದಿಷ್ಟು ಜಾಗಕ್ಕೆ ಮಾತ್ರ ಸೂಕ್ಷ್ಮ ವಿವರಗಳನ್ನು ಗುರುತಿಸುವ ಶಕ್ತಿಯಿದೆ. ತೋಳು ಚಾಚಿ ಹೆಬ್ಬೆರಳೆತ್ತಿದರೆ ಅದರ ಉಗುರು ಎಷ್ಟು ಅಗಲ ಕಾಣುತ್ತದೋ, ನಾವು ಒಮ್ಮೆಗೆ ಸ್ಪಷ್ಟವಾಗಿ ನೋಡುವುದು ಹೆಚ್ಚುಕಡಿಮೆ ಅಷ್ಟೇ. ಉಳಿದುದೆಲ್ಲ ಮಸುಕು. ಆದಕಾರಣ ಕಣ್ಣು ಸೆಕೆಂಡಿಗೆ ಸುಮಾರು 3 ಬಾರಿ, ಎಚ್ಚರವಿರುವ ಒಂದು ದಿನದಲ್ಲಿ ಲಕ್ಷಕ್ಕೂ ಮಿಕ್ಕಿ, ನೆಗೆಯುತ್ತಲೇ ಇರಬೇಕು. ಈ ಸಾಲಿನ ಮೇಲೂ ನಿಮ್ಮ ದೃಷ್ಟಿ ರೈಲಿನಂತೆ ಜಾರುತ್ತಿಲ್ಲ, ಗುಬ್ಬಚ್ಚಿಯಂತೆ ಕುಪ್ಪಳಿಸುತ್ತಿದೆ. ಓದುವಾಗಿನ ಒಂದು ನೆಗೆತಕ್ಕೆ ಸೆಕೆಂಡಿನ ಸಾವಿರ ಭಾಗದಲ್ಲಿ ಸುಮಾರು 30 ಭಾಗ ಸಾಕು. ನಮ್ಮ ಟೆಲಿವಿಷನ್ನಿನ ಒಂದು ಫ್ರೇಮಿಗೇ 40 ಭಾಗ ಬೇಕು!

ಕ್ಯಾಮೆರಾಮನ್ ಒಬ್ಬರು ಸೆಕೆಂಡಿಗೆ ಮೂರು ಸಲ ಕ್ಯಾಮೆರಾವನ್ನು ಹೀಗೆ ಎಳೆದಾಡಿದರೆ ಸಂಕಲನಕಾರರು ಹಣೆ ಚಚ್ಚಿಕೊಳ್ಳುತ್ತಾರೆ, ನಿಮಗೆ ಮನೆಯಲ್ಲಿ ತಲೆ ಸುತ್ತುತ್ತದೆ. ಕಣ್ಣಿನೊಳಗೂ ಅದೇ ಆಗುತ್ತಿದೆ. ಆದರೆ ನಮಗೆ ಕಾಣುವ ಕೋಣೆ ಮಾತ್ರ ಬಂಡೆಯಂತೆ ನಿಂತಿದೆ. ನೆಗೆತದ ಕ್ಷಣದಲ್ಲಿ ದೃಷ್ಟಿಯ ಚುರುಕು ತಗ್ಗುತ್ತದೆ. ಹಿಂದುಮುಂದಿನ ಸ್ಪಷ್ಟ ಚಿತ್ರಗಳು ನಡುವಿನ ಮಸುಕನ್ನು ಮರೆಮಾಡುತ್ತವೆ. ಇದು ಅರ್ಧ ಉತ್ತರ. ನೆಗೆದು ಇಳಿದ ಮೇಲೆ ಅಕ್ಷಿಪಟಲದ ಮೇಲೆ ಪ್ರತಿಯೊಂದು ವಸ್ತುವೂ ಬೇರೆ ಜಾಗದಲ್ಲಿರುತ್ತದಲ್ಲ? ಚಲಿಸಿದ್ದು ಕಣ್ಣು, ಕೋಣೆಯಲ್ಲ ಎಂದು ಮಿದುಳಿಗೆ ಹೇಳುವವರು ಯಾರು?

ಒಂದು ಕಣ್ಣು ಮುಚ್ಚಿ, ಇನ್ನೊಂದರ ಹೊರಮೂಲೆಯನ್ನು ರೆಪ್ಪೆಯ ಮೇಲಿನಿಂದ ಬೆರಳತುದಿಯಲ್ಲಿ ಬಲು ಮೆಲ್ಲಗೆ ಒತ್ತಿ. (ಕಣ್ಣಿನ ಕಾಯಿಲೆ ಇರುವವರು, ಶಸ್ತ್ರಚಿಕಿತ್ಸೆ ಆದವರು ಬೇಡ.) ಕೋಣೆ ಓಲಾಡುತ್ತದೆ! ಕಳೆದ ಶತಮಾನಕ್ಕೂ ಹಿಂದೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನು ವಿವರಿಸಿದ್ದರು. ಕಣ್ಣು ತಾನಾಗಿ ಚಲಿಸುವಾಗ ಮಿದುಳಿನ ಆಜ್ಞೆ ಇರುತ್ತದೆ. ಬೆರಳು ತಳ್ಳಿದಾಗ ಅದಿಲ್ಲ. ಮಿದುಳನ್ನು ಕಂಪ್ಯೂಟರಿಗೆ ಹೋಲಿಸುವುದು ವಾಡಿಕೆ. ನನಗೇಕೋ ಇಲ್ಲಿ ಸರ್ಕಾರಿ ಕಚೇರಿಯೇ ಸರಿಯಾದ ಹೋಲಿಕೆ ಎನಿಸುತ್ತದೆ. ಕಣ್ಣಿನ ಸ್ನಾಯುಗಳಿಗೆ ಆದೇಶ ಹೊರಟಾಗ ಅದರ ಒಂದು ಪ್ರತಿ, ‘ಮಾಹಿತಿಗಾಗಿ’ ಎಂಬ ಒಕ್ಕಣೆಯೊಡನೆ, ನೋಡುವ ವಿಭಾಗಕ್ಕೂ ಹೋಗುತ್ತದೆ. ಚಿತ್ರ ಇಷ್ಟು ಸರಿಯಲಿದೆ, ಗಾಬರಿ ಬೇಡ ಎಂದು.

ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಒಂದು ನೊಣದಿಂದ. ಪಟ್ಟೆಪಟ್ಟೆಯ ಉರುಳೆಯೊಳಗೆ ನೊಣವನ್ನಿಟ್ಟು ಉರುಳೆ ತಿರುಗಿಸಿದರೆ ನೊಣವೂ ಪಟ್ಟೆಗಳ ಜೊತೆ ತಿರುಗುತ್ತದೆ. ಉರುಳೆ ನಿಂತಿರುವಾಗ ನೊಣವೇ ಹೊರಳಿದರೂ ಅದರ ಕಣ್ಣಿಗೆ ಪಟ್ಟೆಗಳು ಅದೇ ರೀತಿ ಓಡುತ್ತವೆ. ಆಗ ಮಾತ್ರ ಅದು ತಬ್ಬಿಬ್ಬಾಗುವುದಿಲ್ಲ. ತಾನಾಗಿ ಚಲಿಸುವಾಗ ಆ ಪ್ರತಿಕ್ರಿಯೆಯ ಸ್ವಿಚ್ಚು ಆರಿರುತ್ತದೆ ಎಂದು ಭಾವಿಸಲಾಗಿತ್ತು. ಫಾನ್ ಹೋಲ್ಸ್ಟ್ ಮತ್ತು ಮಿಟ್ಟೆಲ್‌ಸ್ಟೆಟ್ ನೊಣದ ತಲೆಯನ್ನು ಕುತ್ತಿಗೆಯಲ್ಲಿ ಅರ್ಧ ಸುತ್ತು ತಿರುಚಿ, ಎಡಗಣ್ಣು ಬಲಕ್ಕೆ, ಬಲಗಣ್ಣು ಎಡಕ್ಕೆ ಬರುವಂತೆ ಅಂಟಿಸಿದರು. ಸ್ವಿಚ್ಚು ಆರಿರುವುದು ನಿಜವಾದರೆ ಅದು ಎಂದಿನಂತೆ ನಡೆದಾಡಬೇಕಿತ್ತು. ಹೆಜ್ಜೆ ಇಡಲು ಹೋದದ್ದೇ ತಡ, ಗರಗರನೆ ಸುತ್ತತೊಡಗಿತು! ಆಜ್ಞೆಯ ಪ್ರತಿ ‘ಚಿತ್ರ ಎಡಕ್ಕೆ ಸರಿಯುತ್ತದೆ’ ಎಂದರೆ ತಿರುಚಿದ ಕಣ್ಣು ‘ಬಲಕ್ಕೆ ಸರಿಯಿತು’ ಎನ್ನುತ್ತದೆ. ಒಂದನ್ನೊಂದು ಹೊಡೆದುಹಾಕಬೇಕಾದ ಎರಡು ವರದಿಗಳು ಕೂಡಿಕೊಂಡು ಇಮ್ಮಡಿಯಾದವು. ಇದು ಪ್ರಕಟವಾದದ್ದು 1950ರಲ್ಲಿ. ಅದೇ ವರ್ಷ ಅಮೆರಿಕದ ರೋಜರ್ ಸ್ಪೆರಿ, ಕಣ್ಣು ತಿರುಗಿಸಿದ ಮೀನು ಸುತ್ತು ಹಾಕುವುದನ್ನು ಕಂಡು ಇದೇ ತೀರ್ಮಾನಕ್ಕೆ ಬಂದರು.

ಪ್ರತಿ ಯಾವ ದಾರಿಯಲ್ಲಿ ಹೋಗುತ್ತದೆಂಬುದು ಬಹುಕಾಲ ಗುಟ್ಟಾಗಿಯೇ ಇತ್ತು. ಕೋತಿಗಳ ಮಿದುಳಿನ ಕೆಲವು ನರಕೋಶಗಳು ಕಣ್ಣು ನೆಗೆಯುವುದಕ್ಕೆ ಮುನ್ನವೇ ಮುಂದೆ ಕಾಣಲಿರುವ ಜಾಗಕ್ಕೆ ಸ್ಪಂದಿಸುತ್ತವೆಂದು 1992ರಲ್ಲಿ ತಿಳಿಯಿತು. 2002ರಲ್ಲಿ ಸೊಮ್ಮರ್ ಮತ್ತು ವುರ್ಟ್ಜ್ ಆ ದಾರಿಗಳಲ್ಲೊಂದನ್ನು ಗುರುತಿಸಿದರು. ಅದು ನಡುಮಿದುಳಿನಿಂದ ಥಾಲಮಸ್ ಮೂಲಕ ಹಣೆಯ ಹಿಂದಿನ ಭಾಗಕ್ಕೆ ಹೋಗುತ್ತದೆ. ಥಾಲಮಸ್‌ನ ಆ ನಿಲ್ದಾಣವನ್ನು ತಾತ್ಕಾಲಿಕವಾಗಿ ಸ್ತಬ್ಧಗೊಳಿಸಿದಾಗ, ಒಂದರ ಬೆನ್ನಿಗೊಂದು ನೆಗೆಯಬೇಕಾದ ಕೋತಿಯ ಕಣ್ಣು ಎರಡನೆಯ ನೆಗೆತದಲ್ಲಿ ಗುರಿ ತಪ್ಪಿತು.

ಮನುಷ್ಯರಲ್ಲಿ ಈ ಲೆಕ್ಕ ತಪ್ಪುವುದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಕಣ್ಣನ್ನು ಹೊರಕ್ಕೆ ಎಳೆಯುವ ಸ್ನಾಯುವಿನ ನರ ಇದ್ದಕ್ಕಿದ್ದಂತೆ ಸೋಲುತ್ತದೆ. ಒಂದು ವಸ್ತು ಎರಡಾಗಿ ಕಾಣುತ್ತದೆ. ಒಳ್ಳೆಯ ಕಣ್ಣನ್ನು ಮುಚ್ಚಿ ಆ ಬದಿಗೆ ನೋಡಲು ಯತ್ನಿಸಿದರೆ ಲೋಕವೇ ಆ ಕಡೆಗೆ ವಾಲುತ್ತದೆ. ಲೋಟಕ್ಕೆ ಚಾಚಿದ ಕೈ ಲೋಟವನ್ನು ದಾಟಿ ಹೋಗುತ್ತದೆ. ಆಜ್ಞೆ ಹೊರಟಿದೆ, ಪ್ರತಿಯೂ ತಲುಪಿದೆ, ಕಣ್ಣು ಮಾತ್ರ ಕದಲಿಲ್ಲ.

ಇನ್ನು ತಲೆ ಅಲುಗಿದಾಗ? ಈ ಪುಟವನ್ನು ಅತ್ತಿತ್ತ ಬೇಗಬೇಗ ಅಲುಗಿಸಿ, ಅಕ್ಷರ ಕಲಸಿಹೋಗುತ್ತದೆ. ಪುಟವನ್ನು ಸ್ಥಿರವಾಗಿಟ್ಟು ಅದೇ ವೇಗದಲ್ಲಿ ತಲೆಯಾಡಿಸಿ, ಓದಲು ಬರುತ್ತದೆ. ಒಳಗಿವಿಯ ಸಮತೋಲನ ಅಂಗವು ಸೆಕೆಂಡಿನ ನೂರನೆಯ ಒಂದು ಭಾಗದಷ್ಟರಲ್ಲಿ ಕಣ್ಣನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದಿನಿಂದ ಈ ಅಂಗವನ್ನು ಕಳೆದುಕೊಂಡ ವೈದ್ಯರೊಬ್ಬರು ತಮ್ಮ ಅನುಭವವನ್ನು 1952ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಜೆ.ಸಿ. ಎಂಬ ಮೊದಲಕ್ಷರಗಳನ್ನಷ್ಟೇ ಹಾಕಿ ಬರೆದರು. ನಾಡಿಯ ಬಡಿತಕ್ಕೇ ಅಕ್ಷರಗಳು ಅಲುಗುತ್ತಿದ್ದುದರಿಂದ, ಓದಲು ಅವರು ಮಂಚದ ತಲೆಗಡೆಯ ಎರಡು ಕಬ್ಬಿಣದ ಸರಳುಗಳ ನಡುವೆ ತಲೆಯನ್ನು ಸಿಕ್ಕಿಸಿಕೊಳ್ಳುತ್ತಿದ್ದರಂತೆ. ರಸ್ತೆಯಲ್ಲಿ ಬೋರ್ಡು ಓದಬೇಕಾದರೆ ನಿಲ್ಲಲೇಬೇಕಿತ್ತು. ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್‌ನಂಥ ಚುಚ್ಚುಮದ್ದು ಪಡೆಯುತ್ತಿರುವವರಿಗೆ ನಡೆಯುವಾಗ ಎದುರಿನ ದೃಶ್ಯ ಕುಲುಕಿದರೆ, ಕಿವಿ ಮೊರೆದರೆ, ಅದೇ ದಿನ ವೈದ್ಯರಿಗೆ ಹೇಳಬೇಕು. ಒಳಗಿವಿಗೆ ಆದ ಈ ಹಾನಿ ಬಹುಮಟ್ಟಿಗೆ ಸರಿಹೋಗುವುದಿಲ್ಲ.