ದಿವಾನರ ಎಫಿಶಿಯೆನ್ಸಿ ಆಡಿಟ್‌ನಿಂದ ಕಾರ್ಖಾನೆಯ ಐದನೇ ಮೆಟ್ಟಿಲಿನವರೆಗೆ

ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಬಗ್ಗೆ ಬರೆದವರೆಲ್ಲ ಒಂದು ಪಟ್ಟಿ ಕೊಡುತ್ತಾರೆ. 1913ರ ಮೈಸೂರು ಬ್ಯಾಂಕು, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾಲಯ, ಗಂಧದೆಣ್ಣೆ, ಸಾಬೂನು, ಎಲ್ಲಕ್ಕೂ ಮೇಲೆ ಕನ್ನಂಬಾಡಿ ಕಟ್ಟೆ. ಪಟ್ಟಿಯ ತುದಿಯಲ್ಲೆಲ್ಲೋ ಒಂದು ಹೆಸರು ಅರ್ಧ ಸಾಲಿನಲ್ಲಿ ಬಂದು ಮುಗಿದುಹೋಗುತ್ತದೆ: ಎಫಿಶಿಯೆನ್ಸಿ ಆಡಿಟ್. ಅಣೆಕಟ್ಟೆಯನ್ನು ನೋಡಲು ಜನ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಈ ಆಡಿಟ್‌ಗೆ ಕಲ್ಲಿಲ್ಲ, ಗೇಟಿಲ್ಲ, ಫೋಟೋ ಇಲ್ಲ. ಆದರೂ ಚಿಕ್ಕಬಳ್ಳಾಪುರ ಸೀಮೆಯ ಕಾರ್ಖಾನೆಗಳ ಸುದ್ದಿ ಎತ್ತಿದಾಗಲೆಲ್ಲ ನನ್ನ ಮನಸ್ಸು ಆ ಅರ್ಧ ಸಾಲಿಗೇ ಹೋಗಿ ನಿಲ್ಲುತ್ತದೆ.

ಹಣದ ಆಡಿಟ್ ಎಲ್ಲರಿಗೂ ಗೊತ್ತು. ಖರ್ಚು ನಿಯಮದಂತೆ ಆಯಿತೇ, ರಸೀದಿ ಇದೆಯೇ ಎಂದು ಅದು ಕೇಳುತ್ತದೆ. ದಿವಾನರಿಗೆ ಅಷ್ಟು ಸಾಲಲಿಲ್ಲ. ಖರ್ಚಾದ ಹಣಕ್ಕೆ ಕೆಲಸ ಎಷ್ಟು ನಡೆಯಿತು, ಎಷ್ಟು ಚುರುಕಾಗಿ ನಡೆಯಿತು ಎಂದು ಕಚೇರಿಗಳನ್ನು ಕೇಳುವ ಏರ್ಪಾಡು ಬೇಕೆಂದರು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಜಪಾನಿನಲ್ಲಿ ಕೈಝೆನ್, ಅಂದರೆ ನಿರಂತರ ಸುಧಾರಣೆ, ಎಂಬ ಮಾತು ಕಾರ್ಖಾನೆಯ ಮಂತ್ರವಾಗಲು ಇನ್ನೂ ಹಲವು ದಶಕಗಳಿದ್ದವು. ಅದೇ ಜಪಾನನ್ನು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಈ ಇಂಜಿನಿಯರ್ 1898ರಲ್ಲೇ ಸುತ್ತಿ ಬಂದಿದ್ದರು. ಒಂದು ಬಡ ದೇಶ ಶಾಲೆ, ಕಸುಬು, ಶಿಸ್ತುಗಳಿಂದ ಒಂದು ತಲೆಮಾರಿನೊಳಗೆ ಹೇಗೆ ಮೇಲೆದ್ದಿತು ಎಂಬುದನ್ನು ಕಣ್ಣಾರೆ ಕಂಡಿದ್ದರು. ಆ ಪ್ರವಾಸದ ಗುರುತು ಅವರು ಮುಂದೆ ಬರೆದ ಪುಸ್ತಕಗಳಲ್ಲಿ ಇದೆ.

ಈಗ ದೊಡ್ಡ ಕಂಪನಿಗಳು ಕೇಳಿಕೊಳ್ಳುವ ಪ್ರಶ್ನೆಯೂ ಇದರ ವಂಶದ್ದೇ. ನಮ್ಮಲ್ಲಿ ನಿರಂತರ ಸುಧಾರಣೆಯ ವ್ಯವಸ್ಥೆ ಇದೆ ಎನ್ನುತ್ತೇವೆ. ಅದು ಎಷ್ಟು ಪಕ್ವವಾಗಿದೆ? ಇದನ್ನು ಅಳೆಯುವ ಕೆಲಸಕ್ಕೆ ಮೆಚ್ಯೂರಿಟಿ ಅಸೆಸ್‌ಮೆಂಟ್ ಎಂದು ಹೆಸರು. 1979ರಲ್ಲಿ ಅಮೆರಿಕದ ಫಿಲಿಪ್ ಕ್ರಾಸ್‌ಬಿ ಗುಣಮಟ್ಟದ ಕುರಿತ ತಮ್ಮ ಪುಸ್ತಕದಲ್ಲಿ ಐದು ಹಂತಗಳ ಒಂದು ಕೋಷ್ಟಕ ಹಾಕಿಕೊಟ್ಟರು. ವಾಟ್ಸ್ ಹಂಫ್ರಿ ಅದನ್ನು ಸಾಫ್ಟ್‌ವೇರ್ ಕೆಲಸಕ್ಕೆ ಒಗ್ಗಿಸಿದರು. 1993ರಲ್ಲಿ ಬೆಂಗಳೂರಿನ ಮೋಟೊರೊಲಾ ಘಟಕ ಆ ಏಣಿಯ ಐದನೇ ಮೆಟ್ಟಿಲು ಮುಟ್ಟಿತು. ಅದಕ್ಕೆ ಮುಂಚೆ ಅಲ್ಲಿಗೆ ಏರಿದ್ದವರೆಂದರೆ ಅಮೆರಿಕದ ಬಾಹ್ಯಾಕಾಶ ನೌಕೆಗೆ ಪ್ರೋಗ್ರಾಂ ಬರೆಯುತ್ತಿದ್ದ ತಂಡ. ನಂದಿಬೆಟ್ಟದಿಂದ ಒಂದೆರಡು ಗಂಟೆಯ ದಾರಿಯಲ್ಲಿ ಇಂಥದ್ದೊಂದು ನಡೆದದ್ದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು?

ತಯಾರಿಕಾ ಘಟಕಗಳ ಸುಧಾರಣೆಗೆಂದೇ ಮೆಟ್ಟಿಲು ಹಾಕಿದವರಲ್ಲಿ ಬ್ರಿಟನ್ನಿನ ಬ್ರೈಟನ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಬೆಸಂಟ್ ಮುಖ್ಯರು. 1990ರ ದಶಕದಲ್ಲಿ ಅವರ ತಂಡ ಗುರುತಿಸಿದ ಏಣಿಯ ಕೆಳ ಮೆಟ್ಟಿಲಿನಲ್ಲಿ ಸುಧಾರಣೆ ತಾನಾಗಿ ಆಗುತ್ತದೆ. ತೊಂದರೆ ಬಂದಾಗ ಯಾರೋ ಜಾಣ ಒಂದು ಉಪಾಯ ಹೂಡುತ್ತಾನೆ, ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ತಂಡ, ತರಬೇತಿ, ಸಲಹೆ ಪೆಟ್ಟಿಗೆಗಳ ಕ್ರಮ ಬರುತ್ತದೆ. ಮೂರನೆಯದರಲ್ಲಿ ಆ ಸಲಹೆಗಳು ಕಂಪನಿಯ ಗುರಿಗೆ ಜೋಡಣೆಯಾಗಿ, ಫಲವನ್ನು ಅಳೆಯುವುದು ಶುರುವಾಗುತ್ತದೆ. ನಾಲ್ಕನೆಯದರಲ್ಲಿ ಮೇಲಿನವರ ಅಪ್ಪಣೆಗೆ ಕಾಯದೆ ಕೆಲಸಗಾರರೇ ಮುಂದಾಗುತ್ತಾರೆ. ಐದನೆಯದರಲ್ಲಿ ಒಬ್ಬರು ಕಲಿತದ್ದು ಇಡೀ ಸಂಸ್ಥೆಯ ಕಲಿಕೆಯಾಗಿ ಉಳಿಯುತ್ತದೆ. 2009ರ ಐಎಸ್ಒ 9004 ಕೂಡ ಸಂಸ್ಥೆಗಳು ತಮ್ಮನ್ನು ತಾವೇ ಅಳೆದುಕೊಳ್ಳಲು ಐದು ಹಂತಗಳ ಅಳತೆಗೋಲು ಕೊಟ್ಟಿತು. ಇಷ್ಟೆಲ್ಲ ಕೋಷ್ಟಕಗಳನ್ನು ಓದಿದ ಮೇಲೆ ನನಗೆ ತಿರುಳಾಗಿ ಕಂಡದ್ದು ಒಂದೇ ಪ್ರಶ್ನೆ. ಸುಧಾರಣೆ ತಂದ ಮನುಷ್ಯ ಎದ್ದು ಹೋದ ಮೇಲೂ ಸುಧಾರಣೆ ನಡೆಯುತ್ತದೆಯೇ?

ಈ ಪ್ರಶ್ನೆಯನ್ನು ವಿಶ್ವೇಶ್ವರಯ್ಯನವರು ತಮ್ಮ ಮಟ್ಟಿಗೆ ಎದುರಿಸಿದ್ದು ಭದ್ರಾವತಿಯಲ್ಲಿ. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡಾಗ ಕಬ್ಬಿಣದ ಬೆಲೆ ಬಿದ್ದಿತ್ತು, ಕಾರ್ಖಾನೆ ನಷ್ಟದಲ್ಲಿತ್ತು, ಅದನ್ನು ನಡೆಸುವ ಜ್ಞಾನ ಹೊರಗಿನಿಂದ ಬಂದವರ ಕೈಯಲ್ಲಿತ್ತು. 1929ರವರೆಗೆ ಅವರು ಅಲ್ಲಿದ್ದರು. ಆ ವರ್ಷಗಳ ವೆಚ್ಚ ಕಡಿತದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ: ವಿದೇಶಿ ಪರಿಣತರ ಜಾಗಕ್ಕೆ ಮೈಸೂರಿನ ಹುಡುಗರನ್ನು ತಯಾರು ಮಾಡಿ ನಿಲ್ಲಿಸಿದ್ದು. ಆ ದುಡಿಮೆಯಿಂದ ತಮಗೆ ಸಲ್ಲಬೇಕಾಗಿದ್ದ ಹಣವನ್ನೂ ಕಸುಬು ಕಲಿಸುವ ಸಂಸ್ಥೆಗೇ ಕೊಡಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಅಂದರೆ ಈಗಿನ ಎಸ್.ಜೆ. ಪಾಲಿಟೆಕ್ನಿಕ್, ಹುಟ್ಟಿದ್ದು ಹಾಗೆ. ಅವರ ಹೆಸರನ್ನೇ ಹೊತ್ತ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದಾಗ ನನಗಾದ ಸಂಕಟ ಸಣ್ಣದಲ್ಲ. ಕಾರಣಗಳು ನೂರಿರಬಹುದು. ಹೆಸರನ್ನು ಉಳಿಸಿಕೊಂಡು ರೂಢಿಯನ್ನು ಕೈಬಿಟ್ಟರೆ ಕಟ್ಟಡ ಮಾತ್ರ ಎಷ್ಟು ಕಾಲ ತಾನೇ ನಿಂತೀತು?

ಇನ್ನೊಂದು ಸಂಗತಿ ನಮ್ಮ ನೆಲದ್ದೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ತೊಂಬತ್ತರ ಸಮೀಪದ ವಯಸ್ಸಿನಲ್ಲಿ, ಅವರು ಗ್ರಾಮೀಣ ಕೈಗಾರಿಕೀಕರಣದ ಯೋಜನೆಯೊಂದನ್ನು ಕೈಗೆತ್ತಿಕೊಂಡರು. ಅದನ್ನು ಮೊದಲು ನಡೆಸಿ ನೋಡಿದ್ದು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಕೋಲಾರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಹತ್ತಿರದ ಹಳ್ಳಿಗಳನ್ನು ಒಂದು ಗುಂಪು ಮಾಡುವುದು, ಗುಂಪಿಗೊಂದು ಸಮಿತಿ, ಊರವರೇ ಕೂಡಿಸುವ ಬಂಡವಾಳ, ಉತ್ಪತ್ತಿಯ ಲೆಕ್ಕ. ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಹೆಚ್ಚಿತು ಎಂದು ಹಳ್ಳಿಯವರು ತಾವೇ ಅಳೆದು ತಿಳಿಯಬೇಕು ಎಂಬುದು ಅದರ ಜೀವಾಳ. ಬೆಸಂಟ್ ಅವರ ನಾಲ್ಕನೇ ಮೆಟ್ಟಿಲನ್ನು ಈ ಮುದುಕರು ಕೋಲಾರದ ಹಳ್ಳಿಗಳಿಗೆ ಆಗಲೇ ಬಯಸಿದ್ದರು. 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ಅವರು ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಸ್ಮಾರಕವಿದೆ. ಹಳ್ಳಿ ಗುಂಪುಗಳ ಆ ಲೆಕ್ಕದ ಪುಸ್ತಕಗಳನ್ನು ಯಾರೂ ನೆನೆಯುವುದಿಲ್ಲ.

ಹಾಗೆಂದು ಈ ಸೀಮೆ ಅಳೆಯುವುದನ್ನು ಮರೆತಿದೆ ಎಂದರೆ ತಪ್ಪಾದೀತು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋಗಿ ನೋಡಿ. ಗೂಡಿನಿಂದ ನೂಲು ತೆಗೆಯುವ ರೀಲರ್ ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಬಳಿ ಅಲುಗಾಡಿಸಿ, ಬೆರಳಲ್ಲಿ ಒತ್ತಿ, ಆ ಲಾಟಿಗೆ ಎಷ್ಟು ಬೆಲೆ ಕಟ್ಟಬೇಕು ಎಂದು ಕ್ಷಣದಲ್ಲಿ ಲೆಕ್ಕ ಹಾಕುತ್ತಾನೆ. ಅವನ ತಲೆಯಲ್ಲಿ ಓಡುವುದು ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲು ಬರಲು ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕ. ಅದು ಏಳರಿಂದ ಎಂಟಕ್ಕೆ ಜಾರಿದರೆ ಪ್ರತಿ ಕಿಲೋ ನೂಲಿಗೆ ಒಂದು ಕಿಲೋ ಗೂಡಿನ ದುಡ್ಡು ಕೈಬಿಟ್ಟಂತೆ. ನೀರಿನ ಕಾವು, ಗೂಡು ಬೇಯುವ ಹೊತ್ತು, ಎಳೆ ಕಡಿದಾಗ ಸೇರಿಸುವ ಬೆರಳಿನ ಚುರುಕು, ಇವುಗಳಲ್ಲಿ ಅವನು ದಿನವೂ ಏನಾದರೊಂದು ತಿದ್ದುತ್ತಲೇ ಇರುತ್ತಾನೆ. ಚರಕದಿಂದ ಕಾಟೇಜ್ ಬೇಸಿನ್‌ಗೆ, ಅಲ್ಲಿಂದ ಮಲ್ಟಿ ಎಂಡ್‌ಗೆ, ಈಗ ಆಟೊಮ್ಯಾಟಿಕ್ ಯಂತ್ರಕ್ಕೆ ಈ ಕಸುಬು ನಡೆದು ಬಂದಿರುವ ದೂರ ಸಣ್ಣದಲ್ಲ.

ಆದರೆ ಚರಕದ ಮನೆಗಳಲ್ಲಿ ಆ ತಿದ್ದುಪಡಿ ಉಳಿಯುವುದೆಲ್ಲ ಒಬ್ಬನ ಬೆರಳಲ್ಲಿ. ಪಳಗಿದ ಕೈ ಬೇರೆ ಕಡೆ ಹೋಯಿತೋ, ಮರುದಿನದ ನೂಲೇ ಬೇರೆ. ಬೆಸಂಟ್ ಅವರ ಏಣಿಯ ಮೊದಲ ಮೆಟ್ಟಿಲು ಇದೇ. ಜಾಣತನಕ್ಕೆ ಇಲ್ಲಿ ಬರವಿಲ್ಲ, ಬರೆದಿಡುವ ಕ್ರಮಕ್ಕೆ ಬರ. ವಿಶ್ವೇಶ್ವರಯ್ಯನವರ ಕಾಲದಲ್ಲೇ, 1914ರ ಸುಮಾರಿಗೆ, ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ತೆರೆದು ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿದ್ದರ ಉದ್ದೇಶ ಆ ಕ್ರಮವನ್ನು ತರುವುದಾಗಿತ್ತು. 1991ರಿಂದ 2007ರವರೆಗೆ ಜಪಾನಿನ ಜೈಕಾ ನೆರವಿನಲ್ಲಿ ನಡೆದ ದ್ವಿತಳಿ ರೇಷ್ಮೆ ಯೋಜನೆಯೂ ಅದನ್ನೇ ಹೇಳಿತು: ಚಾಕಿ, ಅಂದರೆ ಎಳೆ ಹುಳುಗಳ, ಸಾಕಣೆಯಿಂದ ನೂಲಿನವರೆಗೆ ಪ್ರತಿ ಹೆಜ್ಜೆಗೂ ಒಂದು ಮಟ್ಟ, ಮಟ್ಟ ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಹಿಂದಕ್ಕೆ ಹೋಗಿ ಹುಡುಕುವ ದಾರಿ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯ ಸಿಎಸ್ಆರ್ ತಳಿಗಳು ರೈತರ ಮನೆಗೆ ಬಂದದ್ದು ಆ ವರ್ಷಗಳಲ್ಲಿ. ಅಂತರರಾಷ್ಟ್ರೀಯ ದರ್ಜೆ ಕೊಡುವಾಗ ನೂಲನ್ನು ಕಪ್ಪು ಹಲಗೆಗೆ ಸುತ್ತಿ, ಬೆಳಕು ಬಿಟ್ಟು, ಸಮತೆ ಮತ್ತು ಶುಭ್ರತೆಗೆ ಅಂಕ ಹಾಕುತ್ತಾರೆ. ಡೆನಿಯರ್‌ನ, ಅಂದರೆ ಎಳೆಯ ದಪ್ಪದ, ಏರುಪೇರು ನೋಡುತ್ತಾರೆ. 2ಎ, 3ಎ, 4ಎ ಎಂಬ ದರ್ಜೆ ಬರುವುದು ಹೀಗೆ. ನಮ್ಮ ಸಂತೆಗಳಲ್ಲಿ ಬಹುಕಾಲ ನೂಲು ಮಾರಾಟವಾದದ್ದು ಮಾತ್ರ ಕಣ್ಣಳತೆಯಲ್ಲೇ. ಚೀನಾದ ದರ್ಜೆ ಪಡೆದ ನೂಲು ಒಳಗೆ ನುಗ್ಗಿದಾಗ ಏಟು ಬಿದ್ದದ್ದು ಈ ಜಾಗಕ್ಕೆ.

ಇಷ್ಟು ಹೇಳಿದ್ದು ದರ್ಜೆ ಬೇರೆ, ಪಕ್ವತೆ ಬೇರೆ ಎಂದು ತೋರಿಸಲಿಕ್ಕೆ. ನೂಲಿನ ದರ್ಜೆ ಇವತ್ತಿನ ನೂಲಿನ ಸುದ್ದಿ ಹೇಳುತ್ತದೆ. ಪಕ್ವತೆಯ ಅಳತೆ ನಾಳೆಯ ನೂಲಿನದು. ಹೊಲ ನೋಡಲು ಬಂದವನು ತೆನೆಯನ್ನಷ್ಟೇ ನೋಡಿ ಹೋದರೆ ಬೀಜ, ಗೊಬ್ಬರ, ನೀರಿನ ಸಂಗತಿ ತಿಳಿಯುವುದಿಲ್ಲವಲ್ಲ, ಹಾಗೆಯೇ ಗೋಡೆಗೆ ತಗುಲಿಹಾಕಿದ ಪ್ರಮಾಣಪತ್ರ ನೋಡಿ ಕಾರ್ಖಾನೆಯನ್ನು ಅಳೆಯುವುದು.

ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಸುತ್ತ ಕೈಗಾರಿಕಾ ಪ್ರದೇಶಗಳು ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಅಳೆಯಲು ಬಂದವರು ಏನು ಕೇಳಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮ್ಯಾನೇಜರ ಕೋಣೆಯ ಸ್ಲೈಡುಗಳಿಂದ ಶುರು ಮಾಡಬಾರದು. ಎರಡನೇ ಪಾಳಿಯಲ್ಲಿ ಯಂತ್ರದ ಮುಂದೆ ನಿಂತ ಹೆಣ್ಣುಮಗಳನ್ನು ಕೇಳಬೇಕು: ಕಳೆದ ವರ್ಷ ನೀವು ಕೊಟ್ಟ ಸಲಹೆ ಏನಾಯಿತು, ಯಾರು ಉತ್ತರ ಕೊಟ್ಟರು, ಎಷ್ಟು ದಿನಕ್ಕೆ? ಆಗಿಲ್ಲ ಎಂದಾದರೆ ಕಾರಣ ಹೇಳಿದರೇ? ಸಲಹೆಗಳ ಸಂಖ್ಯೆ ಎಣಿಸುವುದು ಸುಲಭ, ಅದರಿಂದ ತಿಳಿಯುವುದು ಕಡಿಮೆ. ಒಮ್ಮೆ ಬಗೆಹರಿಸಿದ ತೊಂದರೆ ಮತ್ತೆ ತಲೆಯೆತ್ತಿತೇ ಎಂದು ನೋಡುವುದು ಕಷ್ಟ, ಆದರೆ ಸತ್ಯ ಇರುವುದು ಅಲ್ಲೇ. ಒಂದು ಸಾಲಿನಲ್ಲಿ ಆದ ಸುಧಾರಣೆ ಪಕ್ಕದ ಸಾಲಿಗೆ ದಾಟಿದೆಯೇ? ಅದನ್ನು ಶುರು ಮಾಡಿದ ಮೇಲ್ವಿಚಾರಕರಿಗೆ ವರ್ಗವಾದ ಮೇಲೂ ಅದು ಉಳಿದಿದೆಯೇ?

ಭಾಷೆಯ ಮಾತೂ ಇದೆ. ಆಂಧ್ರದ ಗಡಿಗೆ ಹತ್ತಿದ ಈ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಹಲವು ಮನೆಗಳಲ್ಲಿ ಉರ್ದು. ಕೆಲಸದ ಕ್ರಮ ಬರೆದ ಬೋರ್ಡು, ಸಲಹೆಯ ಚೀಟಿ ಇಂಗ್ಲಿಷಿನಲ್ಲೇ ಇದ್ದರೆ ಆ ಕಾರ್ಖಾನೆ ಎರಡನೇ ಮೆಟ್ಟಿಲು ದಾಟಲಾರದು ಎಂದೇ ನಾನು ತಿಳಿದಿದ್ದೇನೆ. ತನ್ನ ಮಾತಿನಲ್ಲಿ ಬರೆಯಲಾಗದವನ ಅನುಭವ ಸಂಸ್ಥೆಯ ಅನುಭವವಾಗುವುದಾದರೂ ಹೇಗೆ? ದಿವಾನಗಿರಿಯ ಕಾಲದಲ್ಲಿ ಬ್ಯಾಂಕು, ಕಾರ್ಖಾನೆಗಳ ಜೊತೆಜೊತೆಗೇ ಸಾಹಿತ್ಯ ಪರಿಷತ್ತೂ ಹುಟ್ಟಿದ್ದನ್ನು ನಾನು ಕಾಕತಾಳೀಯ ಎಂದು ನೋಡುವುದಿಲ್ಲ.

ಸೆಪ್ಟೆಂಬರ್ 15ರಂದು ಇಂಜಿನಿಯರ್ ದಿನ. ಮುದ್ದೇನಹಳ್ಳಿಗೆ ಗಣ್ಯರು ಬರುತ್ತಾರೆ, ನಮ್ಮ ಕಾರ್ಖಾನೆಗಳಲ್ಲೂ ಚಿತ್ರಕ್ಕೆ ಹಾರ ಬೀಳುತ್ತದೆ. ಈ ಜಿಲ್ಲೆಯ ಕಾರ್ಖಾನೆಗಳನ್ನು, ರೀಲಿಂಗ್ ಘಟಕಗಳನ್ನು ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಆ ದಿನ ಹಾರ ಹಾಕಿದ ಮೇಲೆ ಹೋದ ವರ್ಷ ಮಾಡಿದ ಸುಧಾರಣೆಗಳ ಪಟ್ಟಿಯನ್ನು ಕೆಲಸಗಾರರ ಮುಂದೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ. ಯಾವುದು ಇನ್ನೂ ನಡೆಯುತ್ತಿದೆ, ಯಾವುದು ನಿಂತುಹೋಗಿದೆ ಎಂದು ಅವರ ಬಾಯಿಂದಲೇ ಹೇಳಿಸಿ, ಬರೆದಿಡಿ. ಮುಂದಿನ ಸೆಪ್ಟೆಂಬರಿಗೆ ಅದೇ ಪುಸ್ತಕವನ್ನು ಮತ್ತೆ ತೆರೆಯಿರಿ.